ಎಷ್ಟು ಗಂಟೆ ಆಯಿತು ಎಂದು ಮೊದಲು ಕೇಳುವ ಆಪ್ ಬೇಕು: ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಗೆ,
ಹಿರಿಯ ಅಧಿಕಾರಿಗಳು,
ರಾಜ್ಯ ಆರೋಗ್ಯ ಇಲಾಖೆ, ಬೆಂಗಳೂರು

ಪ್ರತಿ: ಈ ಊರಿನಲ್ಲಿ ಕುಳಿತು ಆರೋಗ್ಯದ ಆಪ್ ಕಟ್ಟುವ ಎಲ್ಲ ಗೆಳೆಯರಿಗೆ

ವಿಷಯ: ಯುವಜನರ ಸುರಕ್ಷಿತ ಲೈಂಗಿಕತೆಗಾಗಿ ಕನ್ನಡದಲ್ಲಿ ಕೆಲಸಕ್ಕೆ ಬರುವ ಒಂದು ಮೊಬೈಲ್ ಆಪ್ ಕುರಿತು

ಮಾನ್ಯರೇ,

ನಾನು ಅರಸೀಕೆರೆ ಕಡೆಯವಳು. ಬೆಂಗಳೂರಿಗೆ ಬಂದು ಆರು ವರ್ಷವಾಯಿತು. ಬಿಟಿಎಂ ಲೇಔಟ್‌ನ ಒಂದು ಪಿಜಿಯಲ್ಲಿದ್ದೇನೆ. ಆಪ್‌ಗಳನ್ನು ಟೆಸ್ಟ್ ಮಾಡುವುದು ನನ್ನ ಕೆಲಸ. ಅಂದರೆ ಬೇರೆಯವರು ಕಟ್ಟಿದ್ದರಲ್ಲಿ ತಪ್ಪು ಹುಡುಕಿ, ಅದನ್ನು ಬರೆದು ಕೊಟ್ಟು, ಅವರ ಕೈಲಿ ಬೈಸಿಕೊಳ್ಳುವುದಕ್ಕೆ ನನಗೆ ಸಂಬಳ. ಈ ಪತ್ರವೂ ಒಂಥರಾ ಅದೇ ಕೆಲಸ. ಸಂಬಳ ಇಲ್ಲ, ಅಷ್ಟೇ.

ಕೆಲವು ತಿಂಗಳ ಹಿಂದಿನ ಒಂದು ಶುಕ್ರವಾರದಿಂದ ಶುರು ಮಾಡುತ್ತೇನೆ. ಯಾರ ಕಥೆಯೋ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ನಮ್ಮ ಕೋಣೆಯಲ್ಲಿ ಮೂವರು. ಅದರಲ್ಲಿ ಚಿಕ್ಕವಳಿಗೆ 23. ಆ ರಾತ್ರಿ ಅವಳು ಗೇಟ್ ಹಾಕುವ ಹೊತ್ತಿಗೆ ಸರಿಯಾಗಿ ಬಂದಳು. ಲೈಟ್ ಆರಿಸಿದ್ದೆವು. ಹಾಸಿಗೆಯಲ್ಲಿ ಕುಳಿತು ಫೋನ್ ನೋಡುತ್ತಲೇ ಇದ್ದಳು. ಮುಖದ ಮೇಲೆ ಬರೀ ಫೋನಿನ ಬೆಳಕು. ನಿದ್ದೆ ಬರುತ್ತಿಲ್ಲವಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಪಿಸುಗುಟ್ಟಿದಳು: ‘ಅಕ್ಕಾ, ಕಾಂಡೋಮ್ ಹರಿದುಹೋಯಿತು.’

ಆಗ ರಾತ್ರಿ 11.40. ಹರಿದದ್ದು ಹತ್ತು ಗಂಟೆ ಸುಮಾರಿಗೆ.

ಹುಡುಗ ಕೆಟ್ಟವನೇನಲ್ಲ. ಕಾಂಡೋಮ್ ತಂದಿದ್ದ, ಹಾಕಿಕೊಂಡೂ ಇದ್ದ. ಆದರೆ ತಿಂಗಳುಗಟ್ಟಲೆ ಅದನ್ನು ಪರ್ಸಿನಲ್ಲಿಟ್ಟು, ಆ ಪರ್ಸನ್ನು ಪ್ಯಾಂಟಿನ ಹಿಂದಿನ ಜೇಬಿನಲ್ಲಿಟ್ಟು, ಅದರ ಮೇಲೆ ಕುಳಿತು ಬೈಕ್ ಓಡಿಸಿದ್ದ. ಶಾಖ ಮತ್ತು ತಿಕ್ಕಾಟಕ್ಕೆ ಕಾಂಡೋಮಿನ ರಬ್ಬರ್, ಅಂದರೆ ಲ್ಯಾಟೆಕ್ಸ್, ಸೋಲುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದರ ಮೇಲೆ ಕೊಬ್ಬರಿ ಎಣ್ಣೆ ಬೇರೆ. ಎಣ್ಣೆ ಸೋಕಿದರೆ ಲ್ಯಾಟೆಕ್ಸ್ ನಿಮಿಷಗಳಲ್ಲೇ ದುರ್ಬಲವಾಗುತ್ತದೆ. ತಲೆಗೆ, ಮೈಗೆ, ಗಾಯಕ್ಕೆ, ಎಲ್ಲಕ್ಕೂ ಕೊಬ್ಬರಿ ಎಣ್ಣೆ ಹಚ್ಚುವ ನಾಡು ನಮ್ಮದು. ಇಲ್ಲಿ ಈ ಒಂದು ಮಾತನ್ನು ಬಸ್ಸಿನ ಹಿಂಭಾಗದಲ್ಲೇ ಬರೆಸಬಹುದಿತ್ತು. ಕಾಂಡೋಮನ್ನು ಪ್ರತಿ ಸಲವೂ ಸರಿಯಾಗಿ ಬಳಸಿದರೆ ವರ್ಷಕ್ಕೆ 100 ಹೆಂಗಸರಲ್ಲಿ ಸುಮಾರು ಇಬ್ಬರಿಗೆ ಮಾತ್ರ ಗರ್ಭ ನಿಲ್ಲುತ್ತದೆ. ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಆ ಸಂಖ್ಯೆ ಸುಮಾರು 13. ನಡುವೆ ಇರುವ 11 ಜನರ ಕಥೆ ಪರ್ಸು, ಎಣ್ಣೆ, ಅವಸರ, ಕೊನೆ ದಿನಾಂಕ ಮೀರಿದ ಪ್ಯಾಕೆಟ್ಟು, ಅರ್ಧದಲ್ಲಿ ಹಾಕಿಕೊಳ್ಳುವುದು, ಇಂಥವೇ.

ಗೇಟ್ ಹಾಕಿಯಾಗಿತ್ತು. ಹೊರಗೆ ಹೋಗುವ ಹಾಗಿಲ್ಲ. ನಮ್ಮ ಹತ್ತಿರ ಇದ್ದದ್ದು ಫೋನ್ ಒಂದೇ.

ಮೊದಲು ಕನ್ನಡದಲ್ಲಿ ಹುಡುಕಿದೆವು. ಬಂದದ್ದು ಗುಪ್ತರೋಗ ತಜ್ಞರ ಜಾಹೀರಾತು, ಮೂರು ದಿನದಲ್ಲಿ ಗುಣ ಎನ್ನುವ ಚೂರ್ಣ, ಗರ್ಭ ನಿಲ್ಲದಂತೆ ಮಾಡುವ ಪರಂಗಿ ಹಣ್ಣಿನ ವಿಡಿಯೋ. ಮೆಜೆಸ್ಟಿಕ್ ಬಸ್ ನಿಲ್ದಾಣದ ಶೌಚಾಲಯದ ಗೋಡೆಯನ್ನೇ ಕಿತ್ತು ಫೋನಿಗೆ ಅಂಟಿಸಿದಂತಿತ್ತು. ಆಮೇಲೆ ಆಪ್‌ಗಳ ಕಡೆ ಹೋದೆವು. ಒಂದು ವಿದೇಶದ್ದು, ಪೂರ್ತಿ ಇಂಗ್ಲಿಷ್. ಇಮೇಲ್, ಹುಟ್ಟಿದ ದಿನ, ಲೊಕೇಶನ್ ಎಲ್ಲ ಕೊಟ್ಟರಷ್ಟೇ ಒಳಗೆ ಬಿಡುತ್ತಿತ್ತು. ಇನ್ನೊಂದು ಮುಟ್ಟಿನ ದಿನ ಲೆಕ್ಕ ಹಾಕುವ ಆಪ್. ಅದರಲ್ಲಿ ಕನ್ನಡ ಇತ್ತು! ಖುಷಿಯಿಂದ ಭಾಷೆ ಬದಲಿಸಿದರೆ ಪರದೆಯ ಮೇಲೆ ಬಂದ ತಲೆಬರಹ: ‘ನೀವು ಅಸುರಕ್ಷಿತ ಲಿಂಗವನ್ನು ಹೊಂದಿದ್ದೀರಾ?’

ಇಂಗ್ಲಿಷಿನ ಆ ಮೂರಕ್ಷರದ ಪದಕ್ಕೆ ಮೆಷಿನ್ನಿಗೆ ಗೊತ್ತಿದ್ದದ್ದು ಒಂದೇ ಅರ್ಥ. ಸ್ತ್ರೀಲಿಂಗ, ಪುಲ್ಲಿಂಗ, ಈಗ ಅಸುರಕ್ಷಿತ ಲಿಂಗ. ಅಳುತ್ತಿದ್ದವಳು ನಕ್ಕುಬಿಟ್ಟಳು. ಮೂರನೆಯವಳೂ ಎದ್ದು ಕುಳಿತು ನಕ್ಕಳು. ಮಾನ್ಯರೇ, ಆ ರಾತ್ರಿ ಯಾವುದಾದರೂ ಆಪ್‌ನಿಂದ ನಮಗೆ ಆದ ಉಪಕಾರ ಅದೊಂದೇ.

ಗರ್ಭ ತಡೆಯುವ ತುರ್ತು ಮಾತ್ರೆಯ ವಿಷಯ ನಮಗೆ ಗೊತ್ತಿತ್ತು. ಟಿವಿ ಜಾಹೀರಾತಿನ ಪುಣ್ಯ. ಬೆಳಿಗ್ಗೆ ಒಂಬತ್ತಕ್ಕೆ ಮೆಡಿಕಲ್ ಶಾಪಿಗೆ ಹೋದೆವು. ಇದು ಡಾಕ್ಟರ್ ಚೀಟಿ ಇಲ್ಲದೆ ಕೊಡಬಹುದಾದ ಮಾತ್ರೆ. 72 ಗಂಟೆಯೊಳಗೆ ತೆಗೆದುಕೊಳ್ಳಬೇಕು. ಬೇಗ ತೆಗೆದುಕೊಂಡಷ್ಟೂ ಕೆಲಸ ಜಾಸ್ತಿ. ಅಂಗಡಿಯವನು ಅವಳ ಕೊರಳು ನೋಡಿ, ಕಾಲ್ಬೆರಳು ನೋಡಿ, ‘ಮದುವೆ ಆಗಿದೆಯಾ?’ ಎಂದು ಕೇಳಿದ. ‘ನನಗೆ ಬೇಕು, ಕೊಡಿ’ ಎಂದು ನಾನು ಮುಂದೆ ಹೋದೆ. ಕಪ್ಪು ಕವರಿನಲ್ಲಿ ಹಾಕಿ, ಅದನ್ನು ಮತ್ತೆ ಪೇಪರಿನಲ್ಲಿ ಸುತ್ತಿಕೊಟ್ಟ. ಪಕ್ಕದಲ್ಲಿ ಒಬ್ಬರು ಸಕ್ಕರೆ ಕಾಯಿಲೆಯ ಮಾತ್ರೆ ಕೊಂಡರು. ಅವರಿಗೆ ಕವರ್ ಕೂಡ ಕೊಡಲಿಲ್ಲ.

ಮಾತ್ರೆ ನುಂಗಿದ ಮೇಲೆ ಗರ್ಭದ ಭಯ ಇಳಿಯಿತು. ಶನಿವಾರ ಸಂಜೆಗೆ ಎರಡನೇ ಭಯ ಹತ್ತಿತು: ಎಚ್‌ಐವಿ. ಆ ಹುಡುಗ ಹಿಂದೆ ಯಾವತ್ತೂ ಪರೀಕ್ಷೆ ಮಾಡಿಸಿರಲಿಲ್ಲ. ಅವನಿಗೇ ಏನೂ ಗೊತ್ತಿಲ್ಲ. ತುರ್ತು ಮಾತ್ರೆಗೂ ಸೋಂಕಿಗೂ ಸಂಬಂಧವೇ ಇಲ್ಲ. ಫೋನಿನಲ್ಲಿ ಲ್ಯಾಬ್ ಆಪ್ ಒಂದರ ಜಾಹೀರಾತು ತಾನಾಗಿಯೇ ಬಂತು, ನಾವು ಹುಡುಕಿದ್ದನ್ನು ಯಾರೋ ಕದ್ದು ಕೇಳಿಸಿಕೊಂಡ ಹಾಗೆ. ‘ಸಂಪೂರ್ಣ ಪ್ಯಾಕೇಜ್, ಮನೆಗೇ ಬಂದು ರಕ್ತ ತೆಗೆದುಕೊಳ್ಳುತ್ತೇವೆ, ನೆಮ್ಮದಿಯಾಗಿರಿ.’ ಭಾನುವಾರ ಬೆಳಿಗ್ಗೆ ರಕ್ತ ಕೊಟ್ಟಳು. ಸೋಮವಾರ ಮಧ್ಯಾಹ್ನ ನೆಗೆಟಿವ್ ಎಂದು ಬಂತು. ಸಂಜೆ ಮೂವರೂ ಗೋಬಿ ಮಂಚೂರಿ ತಿಂದು ಬಂದೆವು.

ಮಂಗಳವಾರ ನಾನು ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಸುಮ್ನೆ ಇದರ ಬಗ್ಗೆ ಓದುತ್ತಿದ್ದೆ. 1097 ಎಂಬ ಉಚಿತ ಸಹಾಯವಾಣಿ ಇದೆ ಎಂದು ಆಗ ಗೊತ್ತಾಯಿತು. ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು ಎರಡು ವಿಷಯ ಹೇಳಿದರು. ಮೊದಲನೆಯದು, ಎರಡನೇ ದಿನ ಮಾಡಿಸಿದ ಪರೀಕ್ಷೆ ಆ ರಾತ್ರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಸೋಂಕು ತಗುಲಿದ್ದರೂ ರಕ್ತದಲ್ಲಿ ಕಾಣಲು ವಾರಗಳು ಬೇಕು. ಲ್ಯಾಬಿನಲ್ಲಿ ಮಾಡುವ ಹೊಸ ಬಗೆಯ ಪರೀಕ್ಷೆಗೂ 18ರಿಂದ 45 ದಿನ ಹಿಡಿಯಬಹುದು. ಬೆರಳ ತುದಿಯ ರಕ್ತದಲ್ಲಿ ಮಾಡುವ ಸಾಧಾರಣ ಪರೀಕ್ಷೆಗೆ 90 ದಿನದ ತನಕ ಕಾಯಬೇಕಾಗಬಹುದು. ಎರಡನೆಯದು, ಪೆಪ್ ಎನ್ನುವ ಔಷಧ ಇದೆ. ಅಪಾಯ ನಡೆದ ಮೇಲೂ ಎಚ್‌ಐವಿ ನೆಲೆಯೂರದಂತೆ ತಡೆಯಬಲ್ಲದು. 28 ದಿನ ನುಂಗಬೇಕು. ಬೇಕೋ ಬೇಡವೋ ಎಂದು ಡಾಕ್ಟರ್ ನೋಡಿ ಹೇಳುತ್ತಾರೆ. ಆದರೆ 72 ಗಂಟೆಯೊಳಗೆ ಶುರು ಮಾಡಬೇಕು. ಆದಷ್ಟೂ ಬೇಗ.

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಶುಕ್ರವಾರ ರಾತ್ರಿ ಹತ್ತರಿಂದ ಸೋಮವಾರ ರಾತ್ರಿ ಹತ್ತಕ್ಕೆ 72 ಗಂಟೆ. ನಾವು ಗೋಬಿ ತಿಂದು ಬಂದು ಮಲಗುವ ಹೊತ್ತಿಗೆ ಅದು ಮುಗಿದಿತ್ತು.

ಅವಳಿಗೆ ಏನೂ ಆಗಲಿಲ್ಲ. ಮೂರು ತಿಂಗಳ ನಂತರ ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಪರೀಕ್ಷೆ ಮಾಡಿಸಿದಳು. ಹುಡುಗನೂ ಮಾಡಿಸಿದ. ಇಬ್ಬರಿಗೂ ಇಲ್ಲ. ಹಾಗಾಗಿ ಇದು ದುರಂತದ ಕಥೆಯಲ್ಲ. ಆದರೆ ಅವಳನ್ನು ಕಾಪಾಡಿದ್ದು ಆ ಮೂರು ದಿನದಲ್ಲಿ ನಾವು ಮಾಡಿದ ಯಾವ ಕೆಲಸವೂ ಅಲ್ಲ. ಕೈಯಲ್ಲಿ ಮೂರು ಸ್ಮಾರ್ಟ್‌ಫೋನ್, ಓದಿದ ಮೂವರು ಹೆಣ್ಣುಮಕ್ಕಳು, ದೇಶದ ಐಟಿ ರಾಜಧಾನಿ. ಆದರೂ ಬೇಕಾಗಿದ್ದ ಒಂದು ಸಾಲು ನಮ್ಮನ್ನು ತಲುಪಿದ್ದು ಹದಿನಾರು ಗಂಟೆ ತಡವಾಗಿ.

ನನ್ನ ದೂರು ಇಷ್ಟೇ. ಸುರಕ್ಷಿತ ಲೈಂಗಿಕತೆಯ ಆಪ್ ಎಂದರೆ ಪೋಸ್ಟರನ್ನು ಫೋನಿಗೆ ಹಾಕುವುದು ಎಂದುಕೊಂಡಿದ್ದೇವೆ. ರೋಗಗಳ ಪಟ್ಟಿ, ಕೆಂಪು ರಿಬ್ಬನ್, ಒಂದು ಕ್ವಿಜ್. ಕೇಂದ್ರದಿಂದ ಬಂದ ಆಪ್‌ಗಳೂ ಇವೆ. ಹದಿಹರೆಯದವರಿಗೆಂದು 2017ರಲ್ಲಿ ‘ಸಾಥಿಯಾ ಸಲಾಹ್’ ಬಂತು. ಉದ್ದೇಶ ಒಳ್ಳೆಯದು. ಆದರೆ ಆ ಹಿಂದಿ ಹೆಸರೇ ಹೇಳುತ್ತದೆ, ಅದನ್ನು ಕಲ್ಪಿಸಿಕೊಂಡಾಗ ತಿಪಟೂರಿನ ಹುಡುಗಿ ಯಾರ ಕಣ್ಣ ಮುಂದೆಯೂ ಇರಲಿಲ್ಲ. ಪೋಸ್ಟರ್ ಕಾಯುತ್ತದೆ. ನಮಗೆ ಬೇಕಾದದ್ದು ಗಡಿಯಾರ. ಪೆಪ್‌ಗೆ 72 ಗಂಟೆ. ತುರ್ತು ಮಾತ್ರೆಗೂ 72 ಗಂಟೆ. ಪರೀಕ್ಷೆಗೆ ಇಷ್ಟು ವಾರ. ಈ ವಿಷಯದಲ್ಲಿ ಎಲ್ಲವೂ ಗಂಟೆಯ ಲೆಕ್ಕ, ದಿನದ ಲೆಕ್ಕ. ಲೆಕ್ಕ ಮಾಡುವುದಕ್ಕೆ ಫೋನಿಗಿಂತ ಒಳ್ಳೆಯ ಸಾಧನ ಯಾವುದಿದೆ?

ಬರೀ ಮೆಸೇಜ್ ಕಳಿಸಿದರೆ ಸಾಲುವುದಿಲ್ಲ ಎನ್ನುವುದಕ್ಕೆ ಬ್ರಿಟನ್ನಿನಲ್ಲಿ ಒಂದು ದೊಡ್ಡ ಪ್ರಯೋಗವೇ ನಡೆದಿದೆ. ಅದರ ಫಲಿತಾಂಶ 2022ರಲ್ಲಿ ಬಂತು. ಆಗಷ್ಟೇ ಲೈಂಗಿಕ ಸೋಂಕು ತಗುಲಿದ್ದ 16ರಿಂದ 24 ವಯಸ್ಸಿನ ಆರು ಸಾವಿರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವರ್ಷವಿಡೀ ಸುರಕ್ಷತೆಯ ಸಂದೇಶ ಕಳಿಸಿದರು. ಅವರಲ್ಲಿ ಕಾಂಡೋಮ್ ಬಳಕೆ ಸ್ವಲ್ಪ ಹೆಚ್ಚಿತು. ಆದರೆ ಮರುಸೋಂಕು ಕಡಿಮೆಯಾಗಲಿಲ್ಲ. ಸಂದೇಶ ಪಡೆದವರಲ್ಲಿ ಶೇ. 22.2, ಪಡೆಯದವರಲ್ಲಿ ಶೇ. 20.3. ಇದನ್ನು ನಾನೇ ಮುಂದಿಡುತ್ತಿದ್ದೇನೆ, ಯಾಕೆಂದರೆ ನಾಳೆ ಯಾರಾದರೂ ‘ದಿನಕ್ಕೊಂದು ಸಂದೇಶ ಕಳಿಸುತ್ತೇವೆ, ಟೆಂಡರ್ ಕೊಡಿ’ ಎಂದು ನಿಮ್ಮ ಬಾಗಿಲಿಗೆ ಬರುತ್ತಾರೆ. ದಯವಿಟ್ಟು ಅವರಿಗೆ ಈ ಸಂಖ್ಯೆ ತೋರಿಸಿ. ಬುದ್ಧಿಮಾತು ಹೇಳುವ ಆಪ್ ಬೇಡ. ಬಾಗಿಲು ತೋರಿಸುವ ಆಪ್ ಬೇಕು.

ಯಾವ ಬಾಗಿಲು ಎನ್ನುವುದೇ ಇನ್ನೊಂದು ಗೋಳು. 10ರಿಂದ 19 ವರ್ಷದವರಿಗೆ ನಮ್ಮ ರಾಜ್ಯದಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಮದುವೆಯಾದವರಿಗೆ ಕುಟುಂಬ ಕಲ್ಯಾಣದ ವಿಭಾಗ ಇದೆ. ಲೈಂಗಿಕ ರೋಗಗಳಿಗೆ ಸುರಕ್ಷಾ ಕ್ಲಿನಿಕ್‌ಗಳಿವೆ, ಆದರೆ ರೋಗ ಬಂದ ಮೇಲೆ. 19 ದಾಟಿದ, ಮದುವೆಯಾಗದ, ರೋಗವಿಲ್ಲದ, ಬರೀ ಭಯ ಇರುವ ಒಬ್ಬಳು ಎಲ್ಲಿಗೆ ಹೋಗಬೇಕು? ಬೆಂಗಳೂರಿನ ಪಿಜಿಗಳು ತುಂಬಿರುವುದೇ ಇಂಥವರಿಂದ. ಬಿಟಿಎಂ, ಮಾರತ್‌ಹಳ್ಳಿ, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ. ಬಾಡಿಗೆ ಅಗ್ರಿಮೆಂಟಿನಲ್ಲಿ ನಾವಿದ್ದೇವೆ. ಆರೋಗ್ಯದ ಯೋಜನೆಯಲ್ಲಿ ಮಾತ್ರ ನಮಗೊಂದು ಕೋಣೆ ಇಲ್ಲ.

ಈ ವಿಷಯದಲ್ಲಿ ನಮ್ಮ ನಾಡು ಯಾವಾಗಲೂ ಹೀಗೆ ಹಿಂದೆ ನಿಂತದ್ದಲ್ಲ. 1930ರಲ್ಲಿ, ನಾಲ್ವಡಿಯವರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ಇಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲೇ ಮೊದಲು ಎಂದು ಈಗಲೂ ಹೇಳುತ್ತಾರೆ. ಆಗಿನ ಕಾಲಕ್ಕೆ ಅದೆಷ್ಟು ಜನ ಮೂಗು ಮುರಿದಿರಬೇಡ! ಅದೇ ನಾಡಿನಲ್ಲಿ 2007ರಲ್ಲಿ, ಶಾಲೆಗಳಿಗೆ ಬಂದಿದ್ದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಬೇಡ ಎಂದರು. ನಮ್ಮ ತಲೆಮಾರು ಹೈಸ್ಕೂಲಿಗೆ ಬಂದಾಗ ಸಂತಾನೋತ್ಪತ್ತಿಯ ಪಾಠದ ದಿನ ಮೇಷ್ಟ್ರು ‘ಇದು ಸುಲಭ, ಮನೆಯಲ್ಲಿ ಓದಿಕೊಳ್ಳಿ’ ಎಂದರು. ನಾವು ಓದಿಕೊಂಡೆವು. ಫೋನಿನಲ್ಲಿ, ಕದ್ದು, ಎಲ್ಲೆಲ್ಲಿಂದಲೋ.

ಸರ್ಕಾರದ ಅಗ್ಗದ ಕಾಂಡೋಮ್ ನಿರೋಧ್‌ನ ಕಥೆಯೂ ನೆನಪಿಸಿಕೊಳ್ಳುವಂಥದ್ದು. 1968ರಲ್ಲಿ ಅದನ್ನು ಮಾರುಕಟ್ಟೆಗೆ ತಂದಾಗ ಮೂರಕ್ಕೆ 15 ಪೈಸೆ. ಆಸ್ಪತ್ರೆಯಲ್ಲಿಟ್ಟು ಕಾಯಲಿಲ್ಲ. ಟೀ ಪುಡಿ, ಸೋಪು, ಸಿಗರೇಟು ಮಾರುವ ದೊಡ್ಡ ಕಂಪನಿಗಳ ಜಾಲಕ್ಕೇ ಅದನ್ನು ಹಾಕಿದರು. ಬ್ರೂಕ್ ಬಾಂಡ್ ಚಹಾ ಹೋಗುವ ಅಂಗಡಿಗೆ ನಿರೋಧ್ ಕೂಡ ಹೋಯಿತು. ಜನ ಎಲ್ಲಿಗೆ ಹೇಗೂ ಹೋಗುತ್ತಾರೋ ಅಲ್ಲಿಗೆ ಸರ್ಕಾರ ಹೋಯಿತು. ಈಗ ಜನ ಹೋಗುವುದು ಫೋನಿಗೆ. ಹತ್ತು ನಿಮಿಷದಲ್ಲಿ ಈರುಳ್ಳಿ ತಂದುಕೊಡುವ ಆಪ್‌ಗಳೇ ಕಾಂಡೋಮನ್ನೂ ತಂದುಕೊಡುತ್ತಿವೆ. ಯಾವ ಪ್ರಶ್ನೆಯೂ ಇಲ್ಲ, ಕಪ್ಪು ಕವರೂ ಇಲ್ಲ. ಆದರೆ ಅದನ್ನು ಎಲ್ಲಿಡಬೇಕು, ಯಾವ ಎಣ್ಣೆ ತಾಗಿಸಬಾರದು, ಎರಡೆರಡು ಹಾಕಿಕೊಂಡರೆ ಯಾಕೆ ಬೇಗ ಹರಿಯುತ್ತದೆ, ಹರಿದರೆ ಏನು ಮಾಡಬೇಕು, ಇದನ್ನು ಯಾರೂ ತಂದುಕೊಡುತ್ತಿಲ್ಲ. ಸಾಮಾನು ತಲುಪುತ್ತಿದೆ, ಮಾತು ತಲುಪುತ್ತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 21.6, ಗಂಡಸರಲ್ಲಿ ಶೇ. 30.7 ಮಂದಿಗೆ ಮಾತ್ರ ಎಚ್‌ಐವಿ ಬಗ್ಗೆ ಪೂರ್ತಿ ಸರಿಯಾದ ತಿಳಿವಳಿಕೆ ಇತ್ತು.

ಮಾತು ಎಂದೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕನ್ನಡದಲ್ಲಿ ಇದಕ್ಕೆ ಮಾತಿಲ್ಲ ಎನ್ನುತ್ತಾರೆ. ಇದೆ. ಆದರೆ ಒಂದು ತುದಿಯಲ್ಲಿ ‘ಸಂಭೋಗ’, ಇನ್ನೊಂದು ತುದಿಯಲ್ಲಿ ಬೈಗುಳ. ನಡುವೆ ‘ಅದು’. ನಾವೆಲ್ಲ ‘ಅದು’ ಎಂದೇ ಹೇಳುವುದು. ‘ಅದು ಆಯ್ತಾ?’ ‘ಅದಿಲ್ದೆ ಬೇಡ.’ ಸರ್ಕಾರದ ಕರಪತ್ರದಲ್ಲಿ ‘ಲೈಂಗಿಕ ಸಂಪರ್ಕದ ಸಂದರ್ಭದಲ್ಲಿ ನಿರೋಧಕವನ್ನು ಉಪಯೋಗಿಸತಕ್ಕದ್ದು’ ಎಂದಿದ್ದರೆ ಅದು ಕೋರ್ಟ್ ನೋಟಿಸಿನಂತೆ ಕಾಣುತ್ತದೆ. ಆ ಭಾಷೆಯಲ್ಲಿ ಯಾರೂ ಯಾರನ್ನೂ ಪ್ರೀತಿಸಿಲ್ಲ. ಹುಡುಗಿಯೊಬ್ಬಳು ಹುಡುಗನಿಗೆ ಕಾಂಡೋಮ್ ಹಾಕಿಕೋ ಎಂದು ಹೇಳಬೇಕಾದರೆ ಅವಳ ಬಾಯಲ್ಲಿ ಒಂದು ವಾಕ್ಯ ಇರಬೇಕು. ‘ಪ್ರೊಟೆಕ್ಷನ್ ಇದೆಯಾ? ಇಲ್ಲ ಅಂದ್ರೆ ಇವತ್ತು ಬೇಡ.’ ಇಷ್ಟು ಸಾಕು. ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಅವನು ಕೇಳಿಯೇ ಕೇಳುತ್ತಾನೆ. ಅದಕ್ಕೂ ಒಂದು ಉತ್ತರ ಮೊದಲೇ ಇರಬೇಕು: ‘ನಂಬಿಕೆ ಇದೆ. ಟೆಸ್ಟ್ ಮಾಡಿಸಿದೀಯಾ?’ ಅರ್ಧದಲ್ಲಿ ಹೇಳದೇ ಕೇಳದೇ ತೆಗೆದುಹಾಕುವುದು ಮೋಸ ಎಂದು ಹುಡುಗರಿಗೂ ಯಾರಾದರೂ ಹೇಳಬೇಕು. ಬೇಡ ಎಂದರೆ ಬೇಡ ಎಂದೇ ಅರ್ಥ ಎನ್ನುವುದು ಸುರಕ್ಷತೆಯ ಮೊದಲ ಪಾಠ, ಕಾಂಡೋಮಿಗಿಂತಲೂ ಮೊದಲು. ಇಂಥ ವಾಕ್ಯಗಳನ್ನು ಅನುವಾದಕರ ಕೈಗೆ ಕೊಡಬೇಡಿ. ನಾಟಕ ಬರೆಯುವವರನ್ನು, ರೇಡಿಯೋದಲ್ಲಿ ಮಾತಾಡುವವರನ್ನು, ಆಪ್ತ ಸಮಾಲೋಚಕರನ್ನು, ಕಾಲೇಜಿನ ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಬರೆಸಿ. ಕಲಬುರಗಿಯವರೂ ಇರಲಿ, ಮಂಗಳೂರಿನವರೂ ಇರಲಿ. ಬೆಂಗಳೂರಿನ ಆಪ್ ಎಂದಮೇಲೆ ತಮಿಳು, ತೆಲುಗು, ದಖನಿ ಉರ್ದು, ಹಿಂದಿಯೂ ಬೇಕಾಗುತ್ತದೆ. ಇರಲಿ. ಆದರೆ ಅವನ್ನೂ ಹೀಗೇ ಬರೆಸಿ.

ಇದು ಬರೀ ಐಟಿ ಹುಡುಗಿಯರ ವಿಷಯ ಎಂದುಕೊಳ್ಳಬೇಡಿ. ಬೊಮ್ಮನಹಳ್ಳಿಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರು, ರಾತ್ರಿ ಎರಡರವರೆಗೆ ಊಟ ತಲುಪಿಸುವ ಹುಡುಗರು, ಇವರ ಫೋನು ಅಗ್ಗದ್ದು, ಮೆಮೊರಿ ಯಾವಾಗಲೂ ಫುಲ್. ಉದ್ದ ಬರಹ ಓದಲು ಪುರುಸೊತ್ತಿಲ್ಲ. ಅವರಿಗೆ ದನಿ ಬೇಕು. ಇಯರ್‌ಫೋನ್ ಹಾಕಿಕೊಂಡು ಕೇಳುವಂತಿರಬೇಕು. ಗಂಡು ಗಂಡನ್ನು ಪ್ರೀತಿಸುವವರು, ಟ್ರಾನ್ಸ್‌ಜೆಂಡರ್ ಗೆಳೆಯರು ಆ ಆಪ್ ತೆರೆದಾಗ ‘ಗಂಡ / ಹೆಂಡತಿ’ ಎಂಬ ಎರಡೇ ಬಟನ್ ಕಾಣಬಾರದು. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಅವರ ಪ್ರೀತಿ ಅಪರಾಧವಲ್ಲ ಎಂದಿದೆ. ಆಪ್‌ಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಈಗ ಗುಟ್ಟಿನ ವಿಷಯ. ಇಲ್ಲಿ ನನ್ನ ಹೊಟ್ಟೆ ಉರಿಯುತ್ತದೆ, ಕ್ಷಮಿಸಿ.

ಆ ಲ್ಯಾಬ್ ಆಪ್‌ನಲ್ಲಿ ರಕ್ತ ಕೊಟ್ಟಳಲ್ಲ, ಅದನ್ನು ಹಿಂದೆ ಅವಳ ಅಣ್ಣ ತಾಯಿಯ ಶುಗರ್ ಪರೀಕ್ಷೆಗೆಂದು ಹಾಕಿಸಿದ್ದ. ಇಡೀ ಮನೆಗೆ ಒಂದೇ ಖಾತೆ. ‘ನಿಮ್ಮ ರಿಪೋರ್ಟ್ ಸಿದ್ಧವಾಗಿದೆ’ ಎಂಬ ಮೆಸೇಜ್ ಅವಳ ಹೆಸರಿನೊಂದಿಗೆ ಊರಲ್ಲಿದ್ದ ಅಣ್ಣನ ಫೋನಿಗೂ ಹೋಯಿತು. ‘ಯಾವ ಟೆಸ್ಟು?’ ಎಂದು ಅವನು ಕೇಳಿದ. ಆಫೀಸಿನವರು ಎಲ್ಲರಿಗೂ ಮಾಡಿಸಿದರು ಎಂದು ಸುಳ್ಳು ಹೇಳಿದಳು. ಅವನು ಲಿಂಕ್ ಒತ್ತಿ ನೋಡಲಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಗೌರಿ ಹಬ್ಬಕ್ಕೆ ಮನೆಗೆ ಹೋಗಿದ್ದಾಗ ಬಾಗಿನ ಜೋಡಿಸುತ್ತಾ ಕುಳಿತಿದ್ದಳು. ಫೋನು ಚಿಕ್ಕಮ್ಮನ ಪಕ್ಕದಲ್ಲಿತ್ತು. ಪರದೆ ತಾನಾಗಿ ಬೆಳಗಿತು: ‘ನಿಮ್ಮ ಮುಂದಿನ ಎಚ್‌ಐವಿ ಪರೀಕ್ಷೆಗೆ ಸಮಯವಾಗಿದೆ! ಹಬ್ಬದ ಪ್ರಯುಕ್ತ ರಿಯಾಯಿತಿ.’ ಚಿಕ್ಕಮ್ಮನಿಗೆ ಕನ್ನಡಕ ಇರಲಿಲ್ಲ. ಒಂದು ಹುಡುಗಿಯ ಮಾನ, ಕೆಲಸ, ಬೆಂಗಳೂರಿನ ಬದುಕು, ಎಲ್ಲ ಆ ಕ್ಷಣ ಒಂದು ಕನ್ನಡಕದ ಮೇಲೆ ನಿಂತಿತ್ತು.

ನಮ್ಮ ವೃತ್ತಿಯಲ್ಲಿ ಇಂಥದ್ದನ್ನು ಸಣ್ಣ ಬಗ್, ಅಂದರೆ ಸಣ್ಣ ದೋಷ, ಎನ್ನುವುದಿಲ್ಲ. ಬಿಡುಗಡೆಯನ್ನೇ ನಿಲ್ಲಿಸುವ ಬಗ್ ಎನ್ನುತ್ತೇವೆ. ಇದು ನಮ್ಮಲ್ಲಷ್ಟೇ ಆಗುವುದೂ ಅಲ್ಲ. ಗ್ರೈಂಡರ್ ಎಂಬ ಡೇಟಿಂಗ್ ಆಪ್ ತನ್ನ ಬಳಕೆದಾರರ ಎಚ್‌ಐವಿ ಮಾಹಿತಿಯನ್ನು ಬೇರೆ ಎರಡು ಕಂಪನಿಗಳಿಗೆ ಕಳಿಸುತ್ತಿತ್ತು ಎಂದು 2018ರಲ್ಲಿ ಬಯಲಾಯಿತು. ಫ್ಲೋ ಎಂಬ ಮುಟ್ಟಿನ ಆಪ್ ಹೆಂಗಸರ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ಗಳ ಜೊತೆ ಹಂಚಿಕೊಂಡಿತು ಎಂಬ ದೂರು 2021ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಮುಂದೆ ರಾಜಿಯಾಯಿತು. ನಮ್ಮಲ್ಲಿ 2017ರ ಎಚ್‌ಐವಿ ಕಾಯ್ದೆ ಇದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಒಪ್ಪಿಗೆಯಿಲ್ಲದೆ ಯಾರ ಸ್ಥಿತಿಯನ್ನೂ ಹೊರಗೆ ಹೇಳುವಂತಿಲ್ಲ. ಅದೇ ವರ್ಷ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಕ್ಕೊರಲಿನಿಂದ ಹೇಳಿತು. ಆ ಮೊಕದ್ದಮೆ ಹೂಡಿದ್ದು ಯಾರು? ನಮ್ಮ ಬೆಂಗಳೂರಿನವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಹಿರಿಯರೊಬ್ಬರು ಇಡೀ ದೇಶಕ್ಕೆ ತಂದುಕೊಟ್ಟ ಹಕ್ಕನ್ನು ಅವರ ಊರಿನ ಆಪ್‌ಗಳೇ ಹೀಗೆ ನೋಡಿಕೊಳ್ಳುತ್ತಿವೆ.

ಆಪ್ ಒಳ್ಳೆಯದಿದ್ದೂ ಬಾಗಿಲು ಕೆಟ್ಟದ್ದಿದ್ದರೆ ಪ್ರಯೋಜನವಿಲ್ಲ. ಮೂರು ತಿಂಗಳ ನಂತರ ಪರೀಕ್ಷೆಗೆ ಹೋದೆವು ಎಂದೆನಲ್ಲ, ಅಲ್ಲಿ ಚೀಟಿ ಬರೆಯುವವರು ‘ಯಾವುದು, ಏಡ್ಸ್ ಟೆಸ್ಟಾ?’ ಎಂದು ಜೋರಾಗಿ ಕೇಳಿದರು. ಸಾಲಿನಲ್ಲಿದ್ದ ಹತ್ತು ತಲೆ ನಮ್ಮ ಕಡೆ ತಿರುಗಿತು. ಒಳಗೆ ಹೋದ ಮೇಲೆ ಸಿಕ್ಕ ಸಮಾಲೋಚಕಿ ಬಂಗಾರದಂಥ ಹೆಂಗಸು. ಕುಳಿತುಕೊಳ್ಳಿ ಎಂದರು, ನೀರು ಕೊಟ್ಟರು, ಪರೀಕ್ಷೆಗೆ ಮೊದಲು ಏನು, ಆಮೇಲೆ ಏನು ಎಂದು ಬಿಡಿಸಿ ಹೇಳಿದರು. ‘ಒಂದು ವೇಳೆ ಪಾಸಿಟಿವ್ ಬಂದಿದ್ದರೂ ಔಷಧ ಉಚಿತ. ಸರಿಯಾಗಿ ತಗೊಂಡು ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾದರೆ ಸಂಗಾತಿಗೂ ದಾಟಲ್ಲ’ ಎಂದರು. ಯಾವ ಆಪ್‌ನಲ್ಲೂ ನಮಗೆ ಸಿಗದ ಮಾತು ಅದು. ಆ ಹೆಂಗಸು ಮತ್ತು ಹೊರಗಿನ ಸಾಲಿನ ನಡುವೆ ಇದ್ದದ್ದು ಒಂದು ಗಾಜಿನ ಕಿಟಕಿ. ಎಷ್ಟೋ ಜನ ಆ ಕಿಟಕಿಯಿಂದಲೇ ವಾಪಸ್ ಹೋಗಿರುತ್ತಾರೆ, ಅಲ್ವಾ?

ಹಾಗಾಗಿ ನಾನು ಕೇಳಿಕೊಳ್ಳುವುದು ಇದು. ಒಂದು ಆಪ್ ಕಟ್ಟಿಸಿ. ಹೆಸರು, ನಂಬರ್, ಆಧಾರ್ ಯಾವುದನ್ನೂ ಕೇಳದೆ ತೆರೆಯಲಿ. ತೆರೆದ ಕೂಡಲೇ ಎರಡೇ ಪ್ರಶ್ನೆ ಕೇಳಲಿ: ‘ಏನಾಯಿತು? ಎಷ್ಟು ಗಂಟೆ ಆಯಿತು?’ ಅದರ ಮೇಲೆ ಮುಂದಿನ ದಾರಿ ತೋರಿಸಲಿ. ಈ ಹೊತ್ತಿನಲ್ಲಿ ಪೆಪ್ ಕೊಡಬಲ್ಲ ಆಸ್ಪತ್ರೆ ಯಾವುದು, ಯಾರಿಗೆ ಉಚಿತ, ಯಾರು ದುಡ್ಡು ಕೊಡಬೇಕು ಎಂದು ನೇರವಾಗಿ ಹೇಳಲಿ. ಅರ್ಧ ದಾರಿ ಹೋಗಿ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗುವುದು ಮೇಲು. ಆ ಪಟ್ಟಿಯನ್ನು ಒಮ್ಮೆ ಹಾಕಿ ಮರೆಯಬೇಡಿ. ಪ್ರತಿ ವಾರ ಯಾರಾದರೂ ಫೋನ್ ಮಾಡಿ ಬಾಗಿಲು ತೆರೆದಿದೆಯಾ ಎಂದು ಕೇಳಬೇಕು. 1097 ಒಂದು ಒತ್ತಿನ ದೂರದಲ್ಲಿರಲಿ. ಪರೀಕ್ಷೆ ಯಾವತ್ತು ಮಾಡಿಸಿದರೆ ಅರ್ಥ ಇದೆ ಎಂದು ಲೆಕ್ಕ ಹಾಕಿ ಹೇಳಲಿ. ನೆನಪಿಸುವ ಸಂದೇಶದಲ್ಲಿ ರೋಗದ ಹೆಸರು ಬರದಿರಲಿ. ‘ನಾಳೆ ನೆನಪಿದೆಯಾ?’ ಎಂದರೆ ಸಾಕು. ಜಾಹೀರಾತಿನವರ ಒಂದು ಸಾಲು ಕೋಡ್ ಕೂಡ ಒಳಗೆ ಬರಕೂಡದು. ಕೋಡನ್ನು ಎಲ್ಲರೂ ನೋಡುವಂತೆ ಇಡಿ. ಬೆಂಗಳೂರಿನಲ್ಲಿ ಅದನ್ನು ಪುಕ್ಕಟೆಯಾಗಿ ಪರಿಶೀಲಿಸಲು ಸಾವಿರ ಜನ ಸಿಗುತ್ತಾರೆ.

ಗರ್ಭ ನಿಂತಾಗ ಏನು ಎನ್ನುವುದನ್ನೂ ಮುಚ್ಚಿಡಬೇಡಿ. 2021ರ ತಿದ್ದುಪಡಿಯ ನಂತರ ಗರ್ಭಪಾತದ ಕಾಯ್ದೆಯಲ್ಲಿ ‘ಗಂಡ’ ಇದ್ದ ಜಾಗದಲ್ಲಿ ‘ಸಂಗಾತಿ’ ಬಂದಿದೆ. ಮದುವೆಯಾಗದವರಿಗೂ ಅದೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇದು ಗೊತ್ತಿಲ್ಲದೆ ಕಳ್ಳ ಮಾತ್ರೆ ನುಂಗಿ ರಕ್ತ ಸುರಿಸಿಕೊಂಡವರನ್ನು ನಾನು ಬಲ್ಲೆ. 18 ತುಂಬದವರ ವಿಷಯದಲ್ಲಿ ಪೋಕ್ಸೋ ಕಾಯ್ದೆಯ ಪ್ರಕಾರ ಡಾಕ್ಟರ್ ಪೊಲೀಸರಿಗೆ ತಿಳಿಸಲೇಬೇಕು. ಅದನ್ನೂ ಆಪ್ ಪ್ರಾಮಾಣಿಕವಾಗಿ ಮೊದಲೇ ಹೇಳಲಿ.

ಇದರಿಂದ ಮಕ್ಕಳು ಕೆಡುತ್ತಾರೆ ಎನ್ನುವವರಿಗೆ ನನ್ನ ಹತ್ತಿರ ದೊಡ್ಡ ಉತ್ತರವಿಲ್ಲ. ಲೈಂಗಿಕ ಶಿಕ್ಷಣ ಸಿಕ್ಕ ಮಕ್ಕಳು ಬೇಗ ಆ ಕಡೆ ಹೋಗುವುದಿಲ್ಲ ಎಂದು ಯುನೆಸ್ಕೋ ಹಲವು ದೇಶಗಳ ಅಧ್ಯಯನ ನೋಡಿ ಹೇಳಿದೆ. ಅದನ್ನು ಅವರು ನಂಬದಿದ್ದರೆ ಬಿಡಲಿ. ನಮ್ಮ ಹುಡುಗಿ ಆ ಶುಕ್ರವಾರ ಯಾವ ಆಪ್ ನೋಡಿಯೂ ಹೊರಗೆ ಹೋಗಿರಲಿಲ್ಲ.

ಇನ್ನೊಂದು ಮಾತು. ಆಪ್ ಬಿಡುಗಡೆಯಾದ ಮೇಲೆ ಎಷ್ಟು ಲಕ್ಷ ಡೌನ್‌ಲೋಡ್ ಎಂದು ಪತ್ರಿಕೆಗೆ ಕೊಡಬೇಡಿ. ಕಾಲೇಜಿನಲ್ಲಿ ಸಾಲಾಗಿ ನಿಲ್ಲಿಸಿ ಡೌನ್‌ಲೋಡ್ ಮಾಡಿಸಿ ಸಂಜೆಗೆ ಎಲ್ಲರೂ ತೆಗೆದುಹಾಕಿದ ಸರ್ಕಾರಿ ಆಪ್‌ಗಳನ್ನು ನಾವು ನೋಡಿದ್ದೇವೆ. 72 ಗಂಟೆಯೊಳಗೆ ಎಷ್ಟು ಜನ ಬಾಗಿಲು ಮುಟ್ಟಿದರು ಎಂದು ಹೇಳಿ. ಮೊದಲ ತಿಂಗಳು ಅದು ಬರೀ ನಲವತ್ತಿರಬಹುದು. ನಲವತ್ತೇ ಸರಿ.

ಆಪ್ ಸಿದ್ಧವಾದರೆ ಟೆಸ್ಟ್ ಮಾಡಲು ನನ್ನನ್ನು ಕರೆಯಿರಿ, ದುಡ್ಡು ಬೇಡ. ಮೊದಲ ಟೆಸ್ಟ್ ಕೇಸ್ ಈಗಲೇ ಬರೆದಿಟ್ಟಿದ್ದೇನೆ. ಸಮಯ ರಾತ್ರಿ 11.40. ಗೇಟ್ ಹಾಕಿದೆ. ಕೋಣೆಯಲ್ಲಿ ಮೂವರು, ಲೈಟ್ ಆಫ್. ಬ್ಯಾಟರಿ ಶೇ. 12, ನೆಟ್ ಒಂದೇ ಕಡ್ಡಿ. ಬಳಸುವವಳ ಕೈ ನಡುಗುತ್ತಿದೆ. ಅವಳಿಗೆ ಬೇಕಾದ ಉತ್ತರ ಎರಡು ನಿಮಿಷದೊಳಗೆ ಸಿಗಬೇಕು. ಪಕ್ಕದ ಮಂಚದವಳಿಗೆ ಏನೂ ಕಾಣಬಾರದು.

ಇಂತಿ ನಿಮ್ಮ ವಿಶ್ವಾಸಿ,
ಬಿಟಿಎಂ ಲೇಔಟ್‌ನ ಒಂದು ಪಿಜಿಯಿಂದ,
ಒಬ್ಬ ಆಪ್ ಟೆಸ್ಟರ್